ಜ್ವರ ಬಂತೆಂದು ಚಿಕಿತ್ಸೆ ಬಿಡಬೇಡಿ

ನಮ್ಮ ದೇಶದ ನಾಯಿಗಳಲ್ಲಿ ಕೂಡುವಾಗ ಹರಡುವ ಜನನಾಂಗದ ಕ್ಯಾನ್ಸರ್ ಗಡ್ಡೆ ಅಪರೂಪವಲ್ಲ. ವಾರಕ್ಕೊಮ್ಮೆಯಂತೆ ಕೆಲವು ವಾರ ವಿನ್‌ಕ್ರಿಸ್ಟಿನ್ ಚುಚ್ಚುಮದ್ದು ಕೊಟ್ಟರೆ ಹೆಚ್ಚಿನವು ಗುಣವಾಗುತ್ತವೆ. ಆದರೆ ಅದೇ ಮದ್ದು ಬಿಳಿ ರಕ್ತಕಣಗಳನ್ನೂ ಇಳಿಸುತ್ತದೆ. ಆಗ ಸಣ್ಣ ಗಾಯವೂ ಕೀವಾಗಿ ಜ್ವರ ತರಬಹುದು. ಕಾರವಾರ, ಅಂಕೋಲೆಯ ಮಳೆಗಾಲದಲ್ಲಿ ಒಣಗದ ಮೈಯ ತೊಂದರೆ ಬೇರೆ. ‘ಮದ್ದೇ ನಾಯಿಯನ್ನು ಕೊಲ್ಲುತ್ತಿದೆ, ನಿಲ್ಲಿಸಿಬಿಡಿ’ ಎನ್ನುವವರ ಸಂಕಟ ನಿಜವೇ. ಆದರೂ ರಕ್ತ ಪರೀಕ್ಷೆ ಮಾಡಿಸಿ, ಮುಂದಿನ ಚುಚ್ಚುಮದ್ದನ್ನು ಮುಂದೂಡಿ, ಸೋಂಕಿಗೆ ಆಂಟಿಬಯೋಟಿಕ್ ಕೊಟ್ಟರೆ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಕಣಗಳು ಮತ್ತೆ ಏರುತ್ತವೆ. ಬೀದಿನಾಯಿಗೇಕೆ ಇಷ್ಟು ಖರ್ಚು ಎಂದು ಕೇಳುವವರಿದ್ದಾರೆ. ಒಂದು ನಾಯಿ ಗುಣವಾದರೆ ರೋಗ ಹರಡುವ ಒಂದು ದಾರಿ ಮುಚ್ಚುತ್ತದೆ. ಚಿಕಿತ್ಸೆಯಲ್ಲಿರುವ ನಾಯಿಯ ಮೈಬಿಸಿ 103 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಊಟ ಬಿಟ್ಟರೆ, ಮನೆಯಲ್ಲಿರುವ ಜ್ವರದ ಮಾತ್ರೆ ಕೊಡದೆ ಅಂದೇ ಪಶುವೈದ್ಯರಿಗೆ ತೋರಿಸಿ.