‘ಏನು ಓದುತ್ತಿದ್ದೀರಿ?’ — ಇಂಗ್ಲಿಷಿನಲ್ಲಿ ಕೇಳುವ ಬಗೆ

ಭಟ್ಕಳ, ಹೊನ್ನಾವರ, ಕುಮಟೆಗಳ ಮಕ್ಕಳಿಗೆ ಭಾಷೆಯ ಬಡತನವಿಲ್ಲ. ಒಂದು ಮನೆಯಲ್ಲಿ ಹವ್ಯಕ ಕನ್ನಡ, ಇನ್ನೊಂದರಲ್ಲಿ ಕೊಂಕಣಿ, ಭಟ್ಕಳದ ಕೇರಿಗಳಲ್ಲಿ ನವಾಯತಿ, ಶಾಲೆಯಲ್ಲಿ ಪುಸ್ತಕದ ಕನ್ನಡ. ಎರಡು ಮೂರು ನುಡಿಗಳನ್ನು ಲೀಲೆಯಿಂದ ಆಡುವ ಈ ಹುಡುಗರು ಕಾಲೇಜಿಗೆಂದು ಮಂಗಳೂರಿಗೋ ಬೆಂಗಳೂರಿಗೋ ಹೋದ ಮೊದಲ ವಾರ ಮೂಕರಾಗಿ ಕೂಡುತ್ತಾರೆ. ಹಾಸ್ಟೆಲಿನ ಕೋಣೆಯಲ್ಲಿ ಜೊತೆಗಾರನು ಯಾವುದೋ ದೂರದ ರಾಜ್ಯದವನು. ಹೆಸರು ಕೇಳಿಯಾಯಿತು, ಊರು ಕೇಳಿಯಾಯಿತು. ಮೂರನೆಯ ಪ್ರಶ್ನೆ, ‘ನೀನು ಏನು ಓದುತ್ತಿದ್ದೀಯ?’ ಎಂಬುದು. ಅಲ್ಲಿ ನಾಲಗೆ ತಡೆಯುತ್ತದೆ. ಸುಮ್ಮನಿದ್ದರೆ ಆ ಕಡೆಯವನು ಇವನಿಗೆ ಜಂಭವೆಂದು ತಿಳಿದುಕೊಳ್ಳುತ್ತಾನೆ. ಒಂದು ವಾಕ್ಯ ಹೊರಡದ್ದಕ್ಕೆ ಒಂದು ಸ್ನೇಹವೇ ನಿಂತುಹೋದದ್ದನ್ನು ನಾನು ಬಲ್ಲೆ.

ತೊಡಕಿನ ಮೂಲ ನಮ್ಮ ‘ಓದು’ ಎಂಬ ಧಾತುವಿನಲ್ಲಿದೆ. ಪತ್ರಿಕೆಯನ್ನು ಓದುವುದೂ ಓದೇ, ವೈದ್ಯಶಾಸ್ತ್ರವನ್ನು ಓದುವುದೂ ಓದೇ. ಇಂಗ್ಲಿಷಿನವರು ಇವನ್ನು ‘ರೀಡ್’, ‘ಸ್ಟಡಿ’ ಎಂದು ಬೇರ್ಪಡಿಸಿಕೊಂಡಿದ್ದಾರೆ. ‘ವಾಟ್ ಆರ್ ಯೂ ರೀಡಿಂಗ್?’ ಎಂದು ಕೇಳಿದರೆ ಎದುರಿನವನು ಕೈಯಲ್ಲಿರುವ ಕಾದಂಬರಿಯ ಹೆಸರು ಹೇಳಿಯಾನು. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಂಥ ಕಡೆ ಇತಿಹಾಸವನ್ನು ‘ರೀಡ್’ ಮಾಡುತ್ತೇನೆ ಎನ್ನುವ ವಾಡಿಕೆ ಉಂಟು. ನಮ್ಮ ಧಾತುವಿಗೆ ಅಲ್ಲೊಬ್ಬ ನೆಂಟನಿದ್ದಾನೆ ಎನ್ನಿ. ಉಳಿದೆಡೆ ‘ವಾಟ್ ಆರ್ ಯೂ ಸ್ಟಡಿಯಿಂಗ್?’ ಎಂದರೆ ಸಾಕು. ಓದು ಮುಗಿಸಿದವರನ್ನು ‘ವಾಟ್ ಡಿಡ್ ಯೂ ಸ್ಟಡಿ?’ ಎಂದು ಕೇಳಬೇಕು. ಇಷ್ಟು ಚಿಕ್ಕ ವಾಕ್ಯವೇ ಎಂದು ಹುಡುಗರು ಅನುಮಾನಿಸುತ್ತಾರೆ. ಉದ್ದವಾದರೆ ಇಂಗ್ಲಿಷು ಚೆನ್ನಾಯಿತೆಂಬ ಭ್ರಮೆಯನ್ನು ನಾವು ಮೇಷ್ಟರುಗಳೇ ಬಿತ್ತಿದ್ದು.

ಕೊಂಕಣ ರೈಲುಮಾರ್ಗವು 1998ರಲ್ಲಿ ಪೂರ್ತಿಯಾಗಿ ತೆರೆದ ಮೇಲೆ ಗೋಕರ್ಣಕ್ಕೆ ಬರುವ ಪರದೇಶದವರು ನಮ್ಮ ಮಕ್ಕಳ ಪಕ್ಕದಲ್ಲಿಯೇ ಕೂತು ಬರುವುದುಂಟು. ಅಮೆರಿಕದವರಾದರೆ ‘ವಾಟ್ಸ್ ಯುವರ್ ಮೇಜರ್?’ ಎನ್ನುತ್ತಾರೆ. ಸೈನ್ಯದ ಮೇಜರ್ ಇಲ್ಲೆಲ್ಲಿ ಬಂದನೆಂದು ಹುಡುಗಿ ಕಣ್ಣು ಬಿಡುತ್ತಾಳೆ. ಅಲ್ಲಿಯ ಕಾಲೇಜುಗಳಲ್ಲಿ ಹಲವು ವಿಷಯಗಳ ನಡುವೆ ಒಂದನ್ನು ಮುಖ್ಯವಾಗಿ ಹಿಡಿಯಬೇಕು. ಆ ಮುಖ್ಯ ವಿಷಯವೇ ಮೇಜರ್.

ನಮ್ಮ ಇಂಜಿನಿಯರಿಂಗ್ ಹುಡುಗರು ತಮ್ಮತಮ್ಮಲ್ಲಿ ‘ವಿಚ್ ಬ್ರಾಂಚ್?’ ಎಂದು ಕೇಳಿಕೊಳ್ಳುತ್ತಾರೆ. ಹೊರಗಿನವನಿಗೆ ಇದು ಬ್ಯಾಂಕಿನ ಬ್ರಾಂಚಿನಂತೆ ಕೇಳಿಸೀತು. ಆದರೆ ನನಗೆ ಈ ಮಾತು ಕೇಳಿದಾಗಲೆಲ್ಲ ಗೋಕರ್ಣದ ವೈದಿಕರ ನೆನಪಾಗುತ್ತದೆ. ಅವರೂ ಹೊಸಬನನ್ನು ‘ಯಾವ ಶಾಖೆ?’ ಎಂದೇ ವಿಚಾರಿಸುತ್ತಾರೆ. ವೇದಕ್ಕೂ ಕೊಂಬೆ, ಯಂತ್ರಶಾಸ್ತ್ರಕ್ಕೂ ಕೊಂಬೆ!

ಇನ್ನು ‘ಎಷ್ಟನೆಯ ಕ್ಲಾಸು?’ ಎಂಬುದು. ‘ಎಷ್ಟು’ ಎಂಬುದಕ್ಕೆ ‘ಅನೆಯ’ ಹಚ್ಚಿ ನಾವು ಸಂಖ್ಯೇಯವನ್ನೇ ಪ್ರಶ್ನೆ ಮಾಡಿಬಿಡುತ್ತೇವೆ. ಇಂಗ್ಲಿಷಿನಲ್ಲಿ ಬಳಕೆಯಲ್ಲಿರುವ ಅಂಥ ಒಂದು ಪದವಿಲ್ಲ. ಪದಕ್ಕೆ ಪದ ಹುಡುಕುತ್ತ ಕೂತರೆ ಗಾಡಿ ಹೊನ್ನಾವರ ದಾಟಿ ಭಟ್ಕಳ ಮುಟ್ಟೀತು. ಶಾಲೆಯವರಿಗೆ ‘ವಿಚ್ ಕ್ಲಾಸ್ ಆರ್ ಯೂ ಇನ್?’, ಕಾಲೇಜಿನವರಿಗೆ ‘ವಾಟ್ ಇಯರ್ ಆರ್ ಯೂ ಇನ್?’ ಎಂದು ದಾರಿ ಬದಲಿಸಿಕೊಳ್ಳಬೇಕು.

ಹಿರಿಯರ ಪ್ರಶ್ನೆಯೇ ಬೇರೆ. ನಮ್ಮ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಆ ಕಾಲದ ಅಜ್ಜಂದಿರು ‘ಮೆಟ್ರಿಕ್ ಆಯಿತೇ?’ ಎಂದು ಕೇಳುತ್ತಿದ್ದರು. ಅವರ ಮಕ್ಕಳು ‘ಎಷ್ಟು ಓದಿದ್ದೀರಿ?’ ಎಂದು ಕೇಳುತ್ತಾರೆ. ಹೆಣ್ಣು-ಗಂಡು ನೋಡುವಲ್ಲಿ ಇದು ಸಲ್ಲುತ್ತದೆ. ಇದನ್ನೇ ‘ಹೌ ಮಚ್ ಹ್ಯಾವ್ ಯೂ ಸ್ಟಡೀಡ್?’ ಎಂದು ತಿರುಗಿಸಿದರೆ ನೀನೆಷ್ಟು ಬಲ್ಲೆ ಎಂದು ಅಳತೆಗೋಲು ಹಿಡಿದಂತಾಗುತ್ತದೆ. ಮೇಲಾಗಿ ಎದುರಿನವನು ಮನೆಯ ತಾಪತ್ರಯಕ್ಕೆ ಹತ್ತನೆಯ ತರಗತಿಗೇ ಶಾಲೆ ಬಿಟ್ಟು ದೋಣಿ ಹತ್ತಿದವನಿರಬಹುದು. ಅವನೊಡನೆ ‘ವಾಟ್ ಡೂ ಯೂ ಡೂ?’ ಎಂದು ಆರಂಭಿಸುವುದು ಲೇಸು. ಅದು ‘ಏನು ಮಾಡುತ್ತಿದ್ದೀಯ?’ ಎಂಬ ಗದರಿಕೆಯಲ್ಲ, ಉದ್ಯೋಗವೇನೆಂಬ ವಿಚಾರಣೆ. ಶಾಲೆಯ ಸುದ್ದಿಯನ್ನು ಅವನೇ ತೆಗೆದರೆ ತೆಗೆಯಲಿ.

ಉತ್ತರದ ಕಡೆಗೂ ಒಂದು ಮಾತು. ಇಂಜಿನಿಯರಿಂಗಿನವನು ಮೊದಲ ಉಸಿರಿಗೇ ಹೇಳಿಬಿಡುತ್ತಾನೆ. ಕನ್ನಡವನ್ನೋ ಇತಿಹಾಸವನ್ನೋ ಓದುವ ಹುಡುಗಿ ಮಾತ್ರ ‘ಓನ್ಲಿ ಬಿ.ಎ., ಸರ್’ ಎಂದು ನೆಲ ನೋಡುತ್ತಾಳೆ. ಆ ‘ಓನ್ಲಿ’ಯನ್ನು ಅವಳಿಗೆ ಇಂಗ್ಲಿಷು ಕಲಿಸಲಿಲ್ಲ, ‘ಬರೇ ಬಿ.ಎ.ಯನೇ ತಂಗಿ?’ ಎಂದು ನಾವೇ ಜಗುಲಿಯ ಮೇಲೆ ಕೂತು ಕಲಿಸಿದ್ದು. ಪಂಡಿತನಾದ ನನಗೆ ಇದು ನೋಯುವುದು ಸಹಜ, ಆದರೆ ನೋವು ನನ್ನದಷ್ಟೇ ಅಲ್ಲ. ಅವಳು ‘ಐ ಆಮ್ ಸ್ಟಡಿಯಿಂಗ್ ಕನ್ನಡ’ ಎನ್ನಲಿ. ಮೂರು ವರ್ಷ ಅವಳು ಮಾಡುತ್ತಿರುವ ಕೆಲಸ ಅದೇ ತಾನೆ?

ಕೇಳಿದವರೂ ಅಲ್ಲಿಗೇ ನಿಲ್ಲಬಾರದು. ‘ವೈ ಡಿಡ್ ಯೂ ಟೇಕ್ ಕನ್ನಡ?’ ಎಂದರೆ ತಪ್ಪಿಗೆ ಸಮಜಾಯಿಷಿ ಕೇಳಿದ ಹಾಗೆ. ‘ವಾಟ್ ಡೂ ಯೂ ಲೈಕ್ ಅಬೌಟ್ ಇಟ್?’ ಎಂದು ಕೇಳಿ ನೋಡಿ. ಹುಡುಗಿ ಮೊದಲು ತಡವರಿಸಿಯಾಳು. ಆಮೇಲೆ ಹಳಗನ್ನಡದ ಯಾವುದೋ ಕವಿಯ ಹೆಸರೆತ್ತಿ, ಇಂಗ್ಲಿಷು ಸಾಲದಾದಾಗ ಕನ್ನಡಕ್ಕೆ ಹೊರಳಿ, ಕುಮಟೆಯ ನಿಲ್ದಾಣ ಬಂದರೂ ಮಾತು ಮುಗಿಸಲಾರಳು.