ಕಲಿಸುವ ವಿಮಾನ

ನೀರಿಗಿಳಿಯದೆ ಈಜು ಬಾರದೆಂಬ ಮಾತು ನಮ್ಮಲ್ಲಿ ಹಳೆಯದು. ಹಾಗೆಂದು ಹುಡುಗನನ್ನು ಬರಿದೇ ಕೆರೆಗೆ ತಳ್ಳುತ್ತಿರಲಿಲ್ಲ. ಬೆನ್ನಿಗೆ ಒಣಸೋರೆಯ ಬುರುಡೆ ಕಟ್ಟುತ್ತಿದ್ದರು. ಆಕಾಶದಲ್ಲಿ ಆ ಬುರುಡೆಯ ಕೆಲಸವನ್ನು ವಿಮಾನವೇ ಮಾಡಬೇಕು. ವಾಯುಪಡೆಯ ತರುಣನು ಮೊದಲು ಏರುವ ತರಬೇತಿ ವಿಮಾನವು ಯಂತ್ರವೂ ಹೌದು, ಉಪಾಧ್ಯಾಯನೂ ಹೌದು.

ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ಬೆಂಗಳೂರಿನಲ್ಲಿ 1951ರಲ್ಲಿ ಹಾರಿತು. 1977ರಲ್ಲಿ ಹಾರಿದ ಎಚ್‌ಪಿಟಿ-32 ಅದರ ಸ್ಥಾನಕ್ಕೆ ಬಂದಿತು. ಅದರ ಹೆಸರು ‘ದೀಪಕ್’. ಎರಡಕ್ಕೂ ಪಿಸ್ಟನ್ ಎಂಜಿನ್. ದೀಪಕ್‌ನ ಎಂಜಿನ್ ನಡುವಾನದಲ್ಲಿ ನಿಂತರೆ ತೇಲಿಕೊಂಡು ಬಹುದೂರ ಸಾಗುವ ಗುಣ ಅದಕ್ಕಿರಲಿಲ್ಲ. ಚಾಲಕನನ್ನು ಹೊರಗೆ ಚಿಮ್ಮಿಸುವ ಆಸನವೂ ಇರಲಿಲ್ಲ. ಹದಿನೇಳು ಅಪಘಾತಗಳಲ್ಲಿ ಹತ್ತೊಂಬತ್ತು ಚಾಲಕರು ಮಡಿದ ಮೇಲೆ, 2009ರಲ್ಲಿ, ಅದರ ಹಾರಾಟ ನಿಂತಿತು.

ಬೇರೊಂದು ದಾರಿ ಬೆಂಗಳೂರಿನಲ್ಲಿಯೇ ತೋರಿತ್ತು ಎಂಬುದು ಈ ಕಥೆಯ ವಿಷಾದ. ದೀಪಕ್‌ಗೆ ಟರ್ಬೋಪ್ರಾಪ್ ಎಂಜಿನ್ ಜೋಡಿಸಿದ ಎಚ್‌ಟಿಟಿ-34 1984ರಲ್ಲಿಯೇ ಹಾರಿತ್ತು. ಅದು ಉತ್ಪಾದನೆಯ ಹಂತಕ್ಕೆ ಬರಲಿಲ್ಲ.

ಟರ್ಬೋಪ್ರಾಪ್ ಎಂದರೇನು? ಒಳಗೆ ಸೆಳೆದ ಗಾಳಿಯನ್ನು ಒತ್ತಿ, ಇಂಧನ ಬೆರೆಸಿ ಉರಿಸಿದಾಗ ಹೊಮ್ಮುವ ಬಿಸಿ ಅನಿಲವು ಟರ್ಬೈನ್ ಚಕ್ರವನ್ನು ತಿರುಗಿಸುತ್ತದೆ. ಜೆಟ್ ವಿಮಾನದಲ್ಲಿ ಈ ಅನಿಲದ ಧಾರೆಯೇ ವಿಮಾನವನ್ನು ನೂಕುತ್ತದೆ. ಇಲ್ಲಿ ಬಹುಪಾಲು ಶಕ್ತಿಯು ಹಲ್ಲುಚಕ್ರಗಳ ಮೂಲಕ ಮುಂದಿನ ಪಂಖಕ್ಕೆ ಸಲ್ಲುತ್ತದೆ. ಎಂದರೆ ಹೃದಯ ಜೆಟ್ಟಿನದು, ಕೈ ಪಂಖದ್ದು. ಕೆಳಮಟ್ಟದಲ್ಲಿ, ಕಡಿಮೆ ವೇಗದಲ್ಲಿ ಜೆಟ್ಟಿಗಿಂತ ಇದಕ್ಕೆ ಇಂಧನ ಕಡಿಮೆ ಸಾಕು. ಮುಂದೆ ಜೆಟ್ ಏರಲಿರುವವನಿಗೆ ಒಳ್ಳೆಯ ಮುನ್ನುಡಿಯೂ ಆಗುತ್ತದೆ.

ಉಪಾಧ್ಯಾಯನ ನಿಜವಾದ ಪರೀಕ್ಷೆ ಮಾತ್ರ ಬೇರೆಯೇ. ರೆಕ್ಕೆಯು ಗಾಳಿಯ ಆಸರೆಯನ್ನು ಕಳೆದುಕೊಂಡಾಗ ವಿಮಾನವು ಬುಗುರಿಯಂತೆ ತಿರುಗುತ್ತ ಕೆಳಗಿಳಿಯಬಹುದು. ಇದಕ್ಕೆ ಸ್ಪಿನ್ ಎಂದು ಹೆಸರು. ವಿದ್ಯಾರ್ಥಿಯನ್ನು ಬೇಕೆಂದೇ ಈ ಸುಳಿಗೆ ಒಯ್ದು, ಅವನ ಕೈಯಿಂದಲೇ ವಿಮಾನವನ್ನು ಹೊರತರಿಸಬೇಕು. ಬೀಳಲೊಲ್ಲದ ವಿಮಾನ ಈ ಪಾಠವನ್ನು ಕಲಿಸಲಾರದು. ಬಿದ್ದು ಏಳಲಾರದ ವಿಮಾನವಂತೂ ವಿದ್ಯಾರ್ಥಿಯನ್ನೇ ಉಳಿಸದು. ಸಡಿಲವೂ ಅಲ್ಲದ, ಕ್ರೂರವೂ ಅಲ್ಲದ ಈ ಹದವನ್ನು ಸಾಧಿಸುವುದು ವಿನ್ಯಾಸಕಾರನ ತಪಸ್ಸು.

2009ರ ಬಳಿಕ ಕೆಲವು ವರ್ಷ ಹೊಸಬರು ನೇರವಾಗಿ ‘ಕಿರಣ್’ ಜೆಟ್ಟನ್ನೇ ಏರಬೇಕಾಯಿತು. ಕಾಗುಣಿತಕ್ಕೆ ಮೊದಲೇ ಕಾವ್ಯ ಓದಿಸಿದಂತೆ. 2013ರಲ್ಲಿ ಸ್ವಿಟ್ಜರ್ಲೆಂಡಿನ ಪಿಲಾಟಸ್ ಟರ್ಬೋಪ್ರಾಪ್ ವಿಮಾನಗಳು ಬಂದವು; ಒಟ್ಟು 75. ಬೆಂಗಳೂರಿನ ಎಚ್‌ಟಿಟಿ-40 ಮೊದಲು ಹಾರಿದ್ದು 2016ರಲ್ಲಿ. 70 ವಿಮಾನಗಳಿಗೆ ಒಪ್ಪಂದವಾದದ್ದು 2023ರಲ್ಲಿ. ಎರಡರಲ್ಲಿಯೂ ಗುರು ಶಿಷ್ಯನ ಹಿಂದೆ, ತುಸು ಎತ್ತರದಲ್ಲಿ ಕುಳಿತಿರುತ್ತಾನೆ. ಇಬ್ಬರಿಗೂ ಚಿಮ್ಮುವ ಆಸನಗಳಿವೆ.

1984ರಿಂದ 2016 ಎಂದರೆ ಮೂವತ್ತೆರಡು ವರ್ಷ. ಯುದ್ಧ ವಿಮಾನಗಳ ವಿಷಯದಲ್ಲಿ ನಾವು ಬಹಳ ಮಾತನಾಡುತ್ತೇವೆ. ಅಕ್ಷರಾಭ್ಯಾಸ ಮಾಡಿಸುವ ವಿಮಾನದ ಬಗ್ಗೆ ಮಾತು ಕಡಿಮೆ. ಆ ಹತ್ತೊಂಬತ್ತು ಮಂದಿ ಶತ್ರುವಿನ ಗುಂಡಿಗೆ ಬಿದ್ದವರಲ್ಲ. ಕಲಿಯುವ, ಕಲಿಸುವ ಕಾಯಕದಲ್ಲಿ ಹೋದವರು. ಕಲಿಯುವವನ ತಪ್ಪು ಪಾಠವಾಗಬೇಕು, ಮರಣವಾಗಬಾರದು. ಶಾಲೆಗೆ ಒಪ್ಪುವ ಈ ನೀತಿ ಆಕಾಶಕ್ಕೂ ಒಪ್ಪುತ್ತದೆ.