ಹಡಗಿನಲ್ಲೇ ವಾಸ, ದಿನಕ್ಕೆ ನಾಲ್ಕು ಡೈವ್: ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು

ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಊರು ಶಿವಮೊಗ್ಗ. ನನ್ನ ಕೆಲಸಕ್ಕೂ ಸಮುದ್ರಕ್ಕೂ ಯಾವ ಸಂಬಂಧವೂ ಇಲ್ಲ. ಆದರೂ ಇಲ್ಲಿ ಕನ್ನಡದವರು ಸಿಕ್ಕಾಗೆಲ್ಲ ನನ್ನನ್ನು ಕೇಳೋದು ಒಂದೇ ಪ್ರಶ್ನೆ: "ಆ ಡೈವಿಂಗ್ ಹಡಗಿನ ಟ್ರಿಪ್‌ಗೆ ಎಷ್ಟಾಯ್ತು? ನಮ್ಮಂಥೋರಿಗೆ ಆಗುತ್ತಾ?" ಆಗುತ್ತೆ. ಹೇಗೆ ಆಗುತ್ತೆ, ಮತ್ತೆ ಎಲ್ಲಿ ಕೈ ಬಿಗಿ ಹಿಡಿಯಬಾರದು, ಈ ಎರಡನ್ನೇ ಇವತ್ತು ಹೇಳ್ತೀನಿ.

ಲಿವ್‌ಅಬೋರ್ಡ್ ಅಂದರೆ ಊಟ, ನಿದ್ದೆ, ಡೈವಿಂಗ್ ಎಲ್ಲ ಒಂದೇ ಹಡಗಿನಲ್ಲಿ. ದಡಕ್ಕೆ ಬರೋದೇ ಇಲ್ಲ. ನಮ್ಮಲ್ಲಿ ಹಲವರು ಮೊದಲ ಸಲ ನೀರೊಳಗೆ ಉಸಿರಾಡಿರೋದು ಮುರುಡೇಶ್ವರದ ನೇತ್ರಾಣಿಯಲ್ಲಿ, ಇಲ್ಲವೇ ಅಂಡಮಾನಿನಲ್ಲಿ. ಅಲ್ಲಿ ಬೆಳಿಗ್ಗೆ ದೋಣಿ ಹತ್ತಿದರೆ ಮಧ್ಯಾಹ್ನದ ಹೊತ್ತಿಗೆ ವಾಪಸ್. ಒಂದು ವಿಷಯ ಮಾತ್ರ ಗಮನಿಸಿ. ನೇತ್ರಾಣಿಯಲ್ಲಿ ಬೋಧಕರು ಹಿಂದಿನಿಂದ ಹಿಡಿದುಕೊಂಡು ಮಾಡಿಸುವ ಡೈವ್, ತರಬೇತಿಯ ಸರ್ಟಿಫಿಕೇಟ್ ಅಲ್ಲ. ಇಂಥ ಹಡಗು ಹತ್ತೋಕೆ ಕನಿಷ್ಠ ಓಪನ್ ವಾಟರ್ ಕೋರ್ಸ್ ಆಗಿರಬೇಕು. ಅದು 18 ಮೀಟರ್ ಆಳದವರೆಗೆ. ಅಡ್ವಾನ್ಸ್ಡ್ ಮಾಡಿದ್ದರೆ 30 ಮೀಟರ್.

ನಾನು ಹೋಗಿದ್ದು ಥಾಯ್ಲೆಂಡಿನ ಸಿಮಿಲನ್ ದ್ವೀಪಗಳಿಗೆ. ಮಲಯ ಭಾಷೆಯಲ್ಲಿ 'ಸೆಂಬಿಲಾನ್' ಅಂದರೆ ಒಂಬತ್ತು. ಒಂಬತ್ತು ದ್ವೀಪಗಳಿದ್ದವು, ಆ ಹೆಸರೇ ನಿಂತಿತು. ಇದು ಅಂಡಮಾನ್ ಸಮುದ್ರವೇ, ನಮ್ಮ ಹ್ಯಾವ್‌ಲಾಕ್ ಇರುವ ಸಮುದ್ರದ ಆಚೆ ದಡ. ಫುಕೆಟ್‌ಗೆ ವಿಮಾನ, ಅಲ್ಲಿಂದ ರಸ್ತೆಯಲ್ಲಿ ಖಾವೋ ಲಾಕ್, ಹತ್ತಿರದ ಥಾಪ್ ಲಾಮು ಬಂದರಿನಿಂದ ಹಡಗು. ಮಳೆಗಾಲದಲ್ಲಿ ಪಾರ್ಕ್ ಮುಚ್ಚಿರುತ್ತೆ, ಅಕ್ಟೋಬರ್ ಮಧ್ಯದಿಂದ ಮೇ ಮಧ್ಯದವರೆಗೆ ಮಾತ್ರ ಸೀಸನ್. ಉತ್ತರಕ್ಕೆ ಹೋಗ್ತಾ ಕೊಹ್ ಬೊನ್, ಕೊಹ್ ತಾಚಾಯ್, ಕೊನೆಗೆ ರಿಚೆಲ್ಯು ರಾಕ್. ಕಡಲ ನಡುವೆ ಒಂಟಿಯಾಗಿ ಎದ್ದ ಬಂಡೆ ಅದು, ಮೈತುಂಬ ನೇರಳೆ ಬಣ್ಣದ ಮೆದು ಹವಳ. ಬಂಡೆಯ ಸಂದಿಯಲ್ಲಿ ಬೆರಳುದ್ದದ ಕಡಲ್ಗುದುರೆ ಹುಡುಕ್ತಾ ಇರುವಾಗ ಬೆನ್ನ ಹಿಂದೆ ಬರಕುಡಾಗಳ ಹಿಂಡು ಹಾದುಹೋಗುತ್ತೆ. ದಡದಿಂದ ದಿನಾ ಹೋಗಿಬಂದು ನೋಡೋಣ ಅಂದರೆ ಅರ್ಧ ದಿನ ಸ್ಪೀಡ್‌ಬೋಟಿನಲ್ಲೇ ಕಳೆಯುತ್ತೆ.

ಈಗ ಲೆಕ್ಕಕ್ಕೆ ಬರೋಣ. ಟಿಕೆಟ್ ಬೆಲೆಯನ್ನಷ್ಟೇ ನೋಡಬೇಡಿ, ಒಂದು ಡೈವ್‌ಗೆ ಎಷ್ಟು ಬಿತ್ತು ಅಂತ ನೋಡಿ. ಉದಾಹರಣೆಗೆ ವಿಮಾನವೂ ಸೇರಿ ಒಟ್ಟು ಒಂದು ಲಕ್ಷ ರೂಪಾಯಿ ಆಯ್ತು, ನಾಲ್ಕು ದಿನದಲ್ಲಿ 14 ಡೈವ್ ಸಿಕ್ಕಿತು ಅನ್ನಿ. ಒಂದಕ್ಕೆ ಸುಮಾರು 7,100. ಇದರಲ್ಲಿ ಊಟ, ಮಲಗೋ ಜಾಗ ಎಲ್ಲ ಬಂತು. ಅದೇ 11 ಡೈವ್‌ಗಳ ಟ್ರಿಪ್ 90 ಸಾವಿರಕ್ಕೆ ಸಿಕ್ಕಿದರೆ ಮೇಲ್ನೋಟಕ್ಕೆ ಅಗ್ಗ, ಆದರೆ ಒಂದಕ್ಕೆ 8,000 ದಾಟುತ್ತೆ. ಇನ್ನು ಜಾಹೀರಾತಿನ ಬೆಲೆಯಲ್ಲಿ ಸೇರದೇ ಇರಬಹುದಾದ ಖರ್ಚುಗಳು: ರಾಷ್ಟ್ರೀಯ ಉದ್ಯಾನದ ಶುಲ್ಕ, ಸಲಕರಣೆ ಬಾಡಿಗೆ, ಡೈವ್ ಕಂಪ್ಯೂಟರ್ ಬಾಡಿಗೆ, ಹಡಗಿನ ಸಿಬ್ಬಂದಿಗೆ ಟಿಪ್ಸ್, ಕೊನೆಯ ರಾತ್ರಿಯ ಹೋಟೆಲ್. ಇವನ್ನೆಲ್ಲ ಬುಕ್ ಮಾಡುವ ಮೊದಲೇ ಬರೆದು ಕೇಳಿ.

ಎಲ್ಲಿ ಉಳಿಸಬಹುದು? ಕ್ಯಾಬಿನ್‌ನಲ್ಲಿ, ಧಾರಾಳವಾಗಿ. ನನ್ನದು ನಾಲ್ಕು ಜನರ ಬಂಕ್, ಬಚ್ಚಲು ಎಲ್ಲರಿಗೂ ಸೇರಿ. ನಮ್ಮ ಸ್ಲೀಪರ್ ಕೋಚ್‌ನಲ್ಲಿ ಪುಣೆಯಿಂದ ಹುಬ್ಬಳ್ಳಿಗೆ ಹೋದವರಿಗೆ ಇದು ಕಷ್ಟವೇ ಅಲ್ಲ. ಬೆಳಿಗ್ಗೆ ಆರಕ್ಕೆ ಗಂಟೆ ಬಾರಿಸ್ತಾರೆ, ಡೈವ್, ತಿಂಡಿ, ಡೈವ್, ಊಟ, ನಿದ್ದೆ, ಡೈವ್, ಟೀ, ಕತ್ತಲಾಗುವ ಹೊತ್ತಿಗೆ ಇನ್ನೊಂದು. ರೂಮಿನಲ್ಲಿ ಕೂರೋದು ಯಾವಾಗ? ಮಾಸ್ಕ್ ಮಾತ್ರ ನಿಮ್ಮ ಮುಖಕ್ಕೆ ಸರಿಯಾಗಿ ಕೂರುವಂಥದ್ದು ಸ್ವಂತಕ್ಕೆ ಇರಲಿ, ಉಳಿದದ್ದು ಬಾಡಿಗೆ ಸಾಕು. ಸಸ್ಯಾಹಾರಿಗಳು 'ಜೇ' ಅನ್ನೋ ಥಾಯ್ ಪದ ಕಲಿತುಕೊಳ್ಳಿ. ಸುಮ್ಮನೆ ವೆಜ್ ಅಂದರೆ ಮೀನಿನ ಸಾಸ್ ಬಂದೀತು. ಜೇ ಅಂದರೆ ಅದೂ ಇಲ್ಲ, ಮೊಟ್ಟೆಯೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಮಡಿ ಅಜ್ಜಿಯರೂ ಒಪ್ಪುವ ಊಟ. ಜೊತೆಗೆ ಒಂದು ಡಬ್ಬಿ ಚಟ್ನಿಪುಡಿ ಇದ್ದರೆ ಅನ್ನ ಇಳಿಯುತ್ತೆ.

ಎಲ್ಲಿ ಉಳಿಸಬಾರದು? ಹೊರಡುವ ವಾರದ ಮುಂಚೆಯಲ್ಲ, ಬುಕ್ ಮಾಡುವ ಮುಂಚೆಯೇ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಶಾರ್ಕ್ ಬಗ್ಗೆ ಕೇಳ್ತಾರೆ ಅಂದುಕೊಂಡಿದ್ದೆ. ಅಮ್ಮ ಕೇಳಿದ್ದು ಬೇರೆ: "ರಾತ್ರಿ ನೀವೆಲ್ಲ ಮಲಗಿದ ಮೇಲೆ ಹಡಗಲ್ಲಿ ಎಚ್ಚರ ಇರೋರು ಯಾರೋ?"

ಈ ಪ್ರಶ್ನೆಯ ಹಿಂದೆ ನಿಜವಾಗಿ ನಡೆದ ದುರಂತ ಇದೆ. 2019ರ ಸೆಪ್ಟೆಂಬರ್ 2ರ ಬೆಳಗಿನ ಜಾವ ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್ ದ್ವೀಪದ ಹತ್ತಿರ ಲಂಗರು ಹಾಕಿದ್ದ 'ಕನ್ಸೆಪ್ಷನ್' ಅನ್ನೋ ಡೈವಿಂಗ್ ಹಡಗಿಗೆ ಬೆಂಕಿ ಬಿತ್ತು. ಕೆಳಗಿನ ಬಂಕ್ ಕೋಣೆಯಲ್ಲಿ ಮಲಗಿದ್ದ 34 ಜನರೂ ಸತ್ತರು. ಮೇಲೆ ಮಲಗಿದ್ದ ಐವರು ಸಿಬ್ಬಂದಿ ಉಳಿದರು. ರಾತ್ರಿ ಗಸ್ತು ತಿರುಗುವವರು ಯಾರೂ ಇರಲಿಲ್ಲ ಅನ್ನೋದು ತನಿಖೆಯಲ್ಲಿ ಹೊರಬಂತು. ಇನ್ನೊಂದು ವಿಷಯ: ಕೆಳಗಿನಿಂದ ಹತ್ತಿ ಬರೋಕೆ ಮೆಟ್ಟಿಲೂ ಇತ್ತು, ತುರ್ತು ಕಿಂಡಿಯೂ ಇತ್ತು. ಆದರೆ ಎರಡೂ ತೆರೆದುಕೊಳ್ಳುತ್ತಿದ್ದದ್ದು ಒಂದೇ ಕೋಣೆಗೆ. ಬೆಂಕಿ ಇದ್ದದ್ದೂ ಅಲ್ಲೇ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಬ್ಯಾಕಪ್ ಸರ್ವರ್ ಇದೆ, ಆದರೆ ಅದೂ ಅದೇ ಪ್ಲಗ್ಗಿಗೆ ಸಿಕ್ಕಿಸಿದೆ.

ಅದಕ್ಕೇ ನಾನು ಎರಡು ಹಡಗಿನವರಿಗೆ ಇಮೇಲ್ ಬರೆದೆ. ರಾತ್ರಿ ಕಾವಲು ಯಾರು? ಬಂಕ್‌ನಿಂದ ಹೊರಬರೋಕೆ ಎರಡು ಬೇರೆ ಬೇರೆ ದಾರಿ ಇದೆಯಾ? ಆಮ್ಲಜನಕ ಎಷ್ಟು ಇಟ್ಟಿರ್ತೀರಿ? ಬ್ಯಾಟರಿ ಚಾರ್ಜ್ ಮಾಡೋ ಜಾಗ ಎಲ್ಲಿ? ಅಗ್ಗದ ಹಡಗಿನವರು ಡಿಸ್ಕೌಂಟ್ ಬಗ್ಗೆ ಬರೆದರು, ಈ ಪ್ರಶ್ನೆಗಳಿಗೆ ಉತ್ತರವೇ ಇಲ್ಲ. ಇನ್ನೊಬ್ಬರು ಒಂದೊಂದಕ್ಕೂ ಉತ್ತರಿಸಿದರು. ಸ್ವಲ್ಪ ಹೆಚ್ಚು ಕೊಟ್ಟು ಎರಡನೆಯದನ್ನೇ ಹಿಡಿದೆ. ಹತ್ತಿದ ಮೊದಲ ರಾತ್ರಿ ಬಂಕ್‌ನಿಂದ ಎರಡೂ ಬಾಗಿಲಿಗೆ ಕಣ್ಣು ಮುಚ್ಚಿ ನಡೆದು ಹೆಜ್ಜೆ ಎಣಿಸಿದೆ. ನೀವೂ ಮಾಡಿ, ಯಾರು ನಕ್ಕರೂ ಪರವಾಗಿಲ್ಲ.

ಮುಂದಿನದು ದೇಹದ ಲೆಕ್ಕ. 30 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ನಾಲ್ಕು ಪಟ್ಟು. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ರಕ್ತದಲ್ಲಿ, ಮಾಂಸಖಂಡದಲ್ಲಿ ಕರಗುತ್ತೆ. ಬೇಗ ಮೇಲೆ ಬಂದರೆ ಸೋಡಾ ಬಾಟಲಿ ಮುಚ್ಚಳ ತೆಗೆದ ಹಾಗೆ ಗುಳ್ಳೆ ಏಳುತ್ತೆ. ದಿನಕ್ಕೆ ನಾಲ್ಕು ಡೈವ್ ಅಂದರೆ ಹಳೇ ಸಾಲ ತೀರೋ ಮೊದಲೇ ಹೊಸ ಸಾಲ. ಆ ಖಾತೆ ಇಡೋದು ಕೈಗೆ ಕಟ್ಟುವ ಡೈವ್ ಕಂಪ್ಯೂಟರ್. ಪ್ರತಿಯೊಬ್ಬರಿಗೂ ಅವರದೇ ಒಂದು ಬೇಕು, ಜೊತೆಗಾರನದನ್ನು ನೋಡಿಕೊಂಡರೆ ಆಗೋದಿಲ್ಲ. ಹಲವು ದಿನ ಡೈವ್ ಮಾಡಿದ ಮೇಲೆ ವಿಮಾನ ಹತ್ತೋಕೆ ಮುಂಚೆ ಕನಿಷ್ಠ 18 ಗಂಟೆ ಬಿಡಬೇಕು ಅನ್ನೋದು ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಲಹೆ. 24 ಗಂಟೆ ಇನ್ನೂ ಒಳ್ಳೇದು. ಆ ಹೋಟೆಲ್ ಖರ್ಚು ಉಳಿಸೋಕೆ ಹೋಗಬೇಡಿ. ಹಾಗೇ ಸಾಮಾನ್ಯ ಟ್ರಾವೆಲ್ ಇನ್ಶೂರೆನ್ಸ್‌ನಲ್ಲಿ ಸ್ಕೂಬಾ ಇದೆಯಾ, ಎಷ್ಟು ಮೀಟರ್‌ವರೆಗೆ ಇದೆ ಅಂತ ಷರತ್ತು ಓದಿ. ಚಿಕಿತ್ಸೆಯ ಒತ್ತಡದ ಚೇಂಬರ್ ಇರೋದು ದಡದಲ್ಲಿ. ಅಲ್ಲಿಗೆ ತಲುಪೋದೇ ದೊಡ್ಡ ಖರ್ಚು.

ಕೊನೆಯದು, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು. ಮೂರನೇ ದಿನ ಸಂಜೆ ನನಗೆ ಮೂಗು ಕಟ್ಟೋಕೆ ಶುರುವಾಯ್ತು. ಮೂಗು ಹಿಡಿದು ಊದಿದರೆ ಎಡಗಿವಿ ತೆರೆಯುತ್ತಾ ಇಲ್ಲ. ಹಾಗೆ ಇಳಿದರೆ ಕಿವಿತಮಟೆ ಹರಿಯಬಹುದು. ಆದರೆ ತಲೆಯೊಳಗೆ ಓಡ್ತಾ ಇದ್ದದ್ದು ಬೇರೆಯೇ ಲೆಕ್ಕ: ಏಳು ಸಾವಿರ ನೀರಿಗೆ ಹೋಯ್ತಲ್ಲಾ. ಡೈವ್‌ಮಾಸ್ಟರ್‌ಗೆ ಇವತ್ತು ಇಳಿಯಲ್ಲ ಅಂದೆ. ಆತ ಬೋರ್ಡಿನಲ್ಲಿ ನನ್ನ ಹೆಸರ ಮುಂದೆ ಗೆರೆ ಎಳೆದ, ಕಾರಣವನ್ನೂ ಕೇಳಲಿಲ್ಲ. ಒಳ್ಳೆಯ ಹಡಗಿನ ಗುರುತು ಅದು.

"ದುಡ್ಡು ಕೊಟ್ಟಾಗಿದೆಯಲ್ಲ" ಅನ್ನೋದು ಮದುವೆ ಊಟದಲ್ಲಿ ಹೊಟ್ಟೆ ಕೆಡಿಸಬಹುದು, ಅಷ್ಟೆ. ಸಮುದ್ರದಲ್ಲಿ ಅದೇ ಮಾತು ಜೀವಕ್ಕೆ ಬರುತ್ತೆ. ಕಡಿಮೆ ಬಜೆಟ್ಟಿನವರಾದ ನಮಗೇ ಈ ಅಪಾಯ ಹೆಚ್ಚು, ಯಾಕಂದರೆ ಒಂದೊಂದು ರೂಪಾಯಿ ಕೂಡಿಸಿ ಹೋಗಿರ್ತೀವಿ. ಡೈವ್‌ಗೆ ಎಷ್ಟು ಬಿತ್ತು ಅನ್ನೋ ಲೆಕ್ಕ ಮನೆಯಲ್ಲಿ ಕೂತು ಹಡಗು ಆರಿಸೋಕೆ. ಹಡಗು ಹತ್ತಿದ ಮೇಲೆ ಅದನ್ನು ಮರೆತುಬಿಡಿ. ಹದಿನಾಲ್ಕರಲ್ಲಿ ಎರಡು ಬಿಟ್ಟೇ ಬಿಡ್ತೀನಿ ಅಂತ ಮೊದಲೇ ಹನ್ನೆರಡಕ್ಕೆ ಭಾಗಿಸಿ ನೋಡಿ. ಆಗಲೂ ಕೈಗೆಟುಕುತ್ತೆ ಅನ್ನಿಸಿದರೆ ಬುಕ್ ಮಾಡಿ.

ನನ್ನ ಮಾತು ಇಷ್ಟು. ಪ್ರಶ್ನೆ ಇದ್ದರೆ ಕೇಳಿ. ಈಜು ಬರಲ್ಲ ಅನ್ನೋರು ಮೊದಲು ಕೈ ಎತ್ತಿ, ನಿಮ್ಮಿಂದಲೇ ಶುರು ಮಾಡೋಣ.